ಗಂಜಿನ ಮುನೀಮನೂ ಫ್ರಾಯ್ಡನೂ

ನನ್ನ ಸೋದರಮಾವನ ಮಗ ಗಂಜಿನಲ್ಲಿ, ಎಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಲೆಕ್ಕ ಬರೆಯುವ ಮುನೀಮ. ತೊಗರಿಯ ಲೆಕ್ಕದಲ್ಲಿ ಅವನನ್ನು ಮೀರಿಸುವವರು ಕಲಬುರಗಿಯಲ್ಲಿ ಕಡಿಮೆ. ಆದರೂ ಯಾವ ಅಡತ್ (ದಲಾಲಿ) ಅಂಗಡಿಯಲ್ಲೂ ನೆಲೆ ನಿಂತವನಲ್ಲ. ಬೈಸಿಕೊಂಡು ಬಿಟ್ಟಿದ್ದರೆ ಮಾತು ಬೇರೆ. ಅವನು ಬಿಡುವುದು ಹೊಗಳಿಸಿಕೊಂಡ ಮೇಲೆ. ಸಾಹುಕಾರ ತಿಜೋರಿಯ ಕೀಲಿ ಕೈಗಿಟ್ಟು "ಇನ್ನು ಎಲ್ಲ ನೀನೇ ನೋಡಿಕೋ" ಎಂದ ಸ್ವಲ್ಪ ದಿನಕ್ಕೇ ಏನೋ ಒಂದು ನೆಪ ತೆಗೆದು, ಜಗಳವಾಡಿ ಹೊರಬೀಳುತ್ತಾನೆ. ಮನೆಯಲ್ಲೂ ಇದೇ. ಹೆಂಡತಿ ಎಂದರೆ ಜೀವ ಬಿಡುವವನು ಅವಳು ಪಂಚಮಿಗೆ ತವರಿಗೆ ಹೊರಡುವ ದಿನ ಬಂತೆಂದರೆ ಬೇರೆ ಮನುಷ್ಯನಾಗುತ್ತಾನೆ. ಕರೆಯಲು ಬಂದ ಅವಳ ಅಣ್ಣನ ಎದುರೇ ತಟ್ಟೆ, ತಂಬಿಗೆ ಹಾರುತ್ತವೆ. ಒಮ್ಮೆ ತಂಬಿಗೆ ಅವಳ ಹಣೆಗೂ ಬಿದ್ದಿದೆ.

ಇಂಥವನಿಗೆ ನಮ್ಮ ಕಡೆ ಮೊದಲು ಹೊಳೆಯುವುದು ಗಾಣಗಾಪುರ, ಗಾಳಿ ಸೋಕಿದವರನ್ನು ಕರೆದೊಯ್ಯುವ ದತ್ತಕ್ಷೇತ್ರ. ಆಯಿ, ಎಂದರೆ ಅಜ್ಜಿ, ಕರೆದುಕೊಂಡು ಹೋದಳು. ಭೀಮಾ-ಅಮರ್ಜಾ ಸಂಗಮದಲ್ಲಿ ಮುಳುಗಿಸಿ, ಮಧ್ಯಾಹ್ನದ ಆರತಿಯ ಹೊತ್ತಿಗೆ ದತ್ತನ ಎದುರು ನಿಲ್ಲಿಸಿದಳು. ಆ ಹೊತ್ತಿನಲ್ಲಿ ಅಲ್ಲಿ ಚೀರುವವರನ್ನು, ಕಂಬ ಏರುವವರನ್ನು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಇವನು ಮಾತ್ರ ಕೈಮುಗಿದು ನಿಂತು, ಪ್ರಸಾದ ಉಂಡು, ಸಂಜೆಯ ಬಸ್ಸಿಗೆ ಮರಳಿ ಬಂದ. ಆ ಕ್ಷೇತ್ರದ ಬಗ್ಗೆ ನನಗೆ ತಾತ್ಸಾರವಿಲ್ಲ. ಮನೋವಿಶ್ಲೇಷಕ ಸುಧೀರ್ ಕಾಕರ್ ರಾಜಸ್ಥಾನದ ಮೆಹಂದಿಪುರ ಬಾಲಾಜಿ ಗುಡಿಯಲ್ಲಿ ಇಂಥವರನ್ನೇ ಗಮನಿಸಿ 1982ರಲ್ಲಿ ಪುಸ್ತಕ ಬರೆದಾಗ ನಕ್ಕು ತಳ್ಳಿಹಾಕಲಿಲ್ಲ. ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ಮುಗಿಸುವ ನಮ್ಮ ವಿಚಾರವಾದಿ ಗೆಳೆಯರು ಇದನ್ನು ಗಮನಿಸಬಹುದು.

ಆಮೇಲೆ ಬಂದವನು ಮನೋವಿಜ್ಞಾನದಲ್ಲಿ ಎಂ.ಎ. ಓದುತ್ತಿರುವ ನನ್ನ ಅಣ್ಣನ ಮಗ. "ಕಾಕಾ, ಇದು ನೇರವಾಗಿ ಈಡಿಪಸ್ ಕಾಂಪ್ಲೆಕ್ಸ್" ಎಂದ. ಗಂಡುಮಗುವಿಗೆ ತಾಯಿಯ ಮೇಲೆ ಮೋಹ, ತಂದೆಯ ಮೇಲೆ ಹಗೆ ಇರುತ್ತದೆ, ಅದು ಮನಸ್ಸಿನ ಆಳದಲ್ಲಿ ಉಳಿಯುತ್ತದೆ ಎಂಬುದು ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ವಿಯೆನ್ನಾದ ವೈದ್ಯ ಫ್ರಾಯ್ಡ್‌ನ ಸಿದ್ಧಾಂತ. ಸಾಹುಕಾರ ಎಂದರೆ ತಂದೆಯಂತೆ. ಹೆಂಡತಿ ಎಂದರೆ ತಾಯಿಯಂತೆ. ತಿಜೋರಿಯ ಕೀಲಿ ಎಂದರೆ ಏನಂತೆ ಎಂಬುದನ್ನು ಹಿರಿಯರೂ ಓದುವ ಈ ಜಾಲತಾಣದ ಗೋಡೆಯ ಮೇಲೆ ಬರೆಯಲಾರೆ. ಗಾಳಿ ಸೋಕಿದೆ ಎನ್ನುವುದಕ್ಕೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎರಡರಲ್ಲೂ ಉತ್ತರ ಮೊದಲೇ ಸಿದ್ಧವಿದೆ. ಆ ಮನುಷ್ಯನನ್ನು ಒಂದು ಮಾತೂ ಕೇಳಬೇಕಾಗಿಲ್ಲ. 1922ರಲ್ಲಿ ಕೋಲ್ಕತ್ತದಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್, ಐರೋಪ್ಯ ರೋಗಿಗಳಲ್ಲಿ ಕಾಣುವ ಲಿಂಗಚ್ಛೇದದ ಭಯ ನನ್ನ ಭಾರತೀಯ ರೋಗಿಗಳಲ್ಲಿ ಅಷ್ಟು ತೀವ್ರವಾಗಿ ಕಾಣುವುದಿಲ್ಲ ಎಂಬರ್ಥದಲ್ಲಿ ಫ್ರಾಯ್ಡ್‌ಗೇ ಪತ್ರ ಬರೆದಿದ್ದರು. ಅದೂ 1929ರಲ್ಲಿ. ನಮ್ಮ ಪಠ್ಯಪುಸ್ತಕಗಳು ಈಡಿಪಸ್‌ನನ್ನು ಕಲಿಸುತ್ತವೆ, ಬೋಸರ ಈ ಮಾತನ್ನು ಕಲಿಸುವುದು ಅಪರೂಪ.

ಹಾಗೆಂದು ಫ್ರಾಯ್ಡ್‌ನನ್ನು ಮೂಲೆಗೆ ಎಸೆಯಲು ನಾನು ಸಿದ್ಧನಿಲ್ಲ. ನನಗೆ ಬೇಕಾದ ಫ್ರಾಯ್ಡ್ ಬೇರೆ ಕಡೆ ಇದ್ದಾನೆ. 1914ರ ಒಂದು ಪ್ರಬಂಧದಲ್ಲಿ ಆತ ಹೇಳುವುದು ಇಷ್ಟು: ಮನುಷ್ಯ ತಾನು ಮರೆತು ಅದುಮಿಟ್ಟದ್ದನ್ನು ನೆನಪಿಸಿಕೊಳ್ಳುವುದಿಲ್ಲ, ಮಾಡಿ ತೋರಿಸುತ್ತಾನೆ, ಮತ್ತೆ ಮತ್ತೆ ಮಾಡುತ್ತಾನೆ, ಮತ್ತೆ ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಿರುವುದಿಲ್ಲ. ಮುಂದೆ 1920ರಲ್ಲಿ ಅದಕ್ಕೊಂದು ಪುಟ್ಟ ಉದಾಹರಣೆ ಕೊಟ್ಟ. ಒಂದೂವರೆ ವರ್ಷದ ತನ್ನ ಮೊಮ್ಮಗ, ತಾಯಿ ಬಿಟ್ಟು ಹೊರಗೆ ಹೋದರೆ ಅಳುತ್ತಿರಲಿಲ್ಲ. ಬದಲಿಗೆ ದಾರ ಕಟ್ಟಿದ ಮರದ ಉರುಳೆಯೊಂದನ್ನು ಪರದೆ ಇಳಿಬಿಟ್ಟ ಮಂಚದ ಆಚೆಗೆ ಕಣ್ಮರೆಯಾಗುವಂತೆ ಎಸೆಯುತ್ತಿದ್ದ. ದಾರ ಜಗ್ಗಿ ಅದು ಮತ್ತೆ ಕಂಡಾಗ ಖುಷಿಪಡುತ್ತಿದ್ದ. ತಾಯಿ ಹೋಗುವುದು ಮಗುವಿನ ಕೈಯಲ್ಲಿಲ್ಲ, ಉರುಳೆಯನ್ನು ಕಳಿಸುವುದು ಅದರ ಕೈಯಲ್ಲಿದೆ. 'ಹೋಗುತ್ತೀಯಾ, ಹೋಗು, ನಾನೇ ಕಳಿಸುತ್ತಿದ್ದೇನೆ' ಎಂಬ ಸೇಡೂ ಆ ಆಟದಲ್ಲಿ ಇರಬಹುದು ಎಂದು ಅಜ್ಜ ಊಹಿಸುತ್ತಾನೆ. ನನ್ನನ್ನು ತಡೆದು ನಿಲ್ಲಿಸಿದ್ದು ಅಲ್ಲಿನ ಇನ್ನೊಂದು ವಿವರ: ಹೆಚ್ಚು ಸಲ ಮಗು ಆಡುತ್ತಿದ್ದದ್ದು ಎಸೆಯುವುದನ್ನು ಮಾತ್ರ.

ಈಗ ನಮ್ಮ ಮುನೀಮನ ಕಡೆಗೆ ಬನ್ನಿ. ಅವನ ತಂದೆ ತಾಯಿ ಮುಂಬೈಗೆ ಗುಳೆ ಹೋಗುತ್ತಿದ್ದವರು, ಕಟ್ಟಡ ಕೆಲಸಕ್ಕೆ. ಇದ್ದ ತುಣುಕು ಹೊಲದಲ್ಲಿ ತೊಗರಿ ಬಿತ್ತಲು ಮಳೆಗಾಲಕ್ಕೆ ಊರಿಗೆ ಬಂದು, ಪಂಚಮಿ ಮುಗಿಸಿಕೊಂಡು ಮರಳುತ್ತಿದ್ದರು. ಅವನೂ ಅವನ ಅಕ್ಕನೂ ಆಯಿಯ ಬಳಿ ಉಳಿಯುತ್ತಿದ್ದರು. ನಮ್ಮ ಭಾಗದ ಎಷ್ಟೋ ಮನೆಗಳ ಕಥೆ ಇದೇ, ಇದರಲ್ಲಿ ಯಾರ ಪಾಪವೂ ಇಲ್ಲ. ಆದರೆ ಆಯಿ ಒಂದು ಮಾತು ಹೇಳಿದಳು. ಎಚ್ಚರವಿದ್ದರೆ ಮಕ್ಕಳು ಬೆನ್ನು ಹತ್ತುತ್ತವೆ, ಅಳುತ್ತವೆ ಎಂದು ನಸುಕಿನಲ್ಲಿ ಅವು ಮಲಗಿದ್ದಾಗಲೇ ಮೊದಲ ಬಸ್ ಹಿಡಿಯುತ್ತಿದ್ದರಂತೆ. ರಾತ್ರಿ ಉಂಡಿ ತಿನ್ನಿಸಿ, ಕಥೆ ಹೇಳಿ ಮಲಗಿಸಿದ ಅವ್ವ ಬೆಳಗ್ಗೆ ಇರುತ್ತಿರಲಿಲ್ಲ. ಅತಿಯಾದ ಅಕ್ಕರೆಯ ಮರುದಿನ ಮನೆ ಖಾಲಿ. ಇಂಥ ಮಗುವಿಗೆ ಮುಂದೆ ಯಾರಾದರೂ ಅಕ್ಕರೆ ತೋರಿದರೆ, ಕೀಲಿ ಕೈಗಿಟ್ಟರೆ, ಎದೆ ನಡುಗುವುದರಲ್ಲಿ ಏನು ಆಶ್ಚರ್ಯ? ಬಿಟ್ಟು ಹೋಗುವವರು ಹೋಗುವ ಮೊದಲು ತಾನೇ ಎದ್ದು ಹೋಗುತ್ತಾನೆ. ಇದನ್ನು ಕಾಣಲು ನನಗೆ ಫ್ರಾಯ್ಡ್ ಬೇಕಾಯಿತು. ಎಷ್ಟೋ ವರ್ಷ ಕಣ್ಣೆದುರೇ ಇದ್ದರೂ ನಮ್ಮಲ್ಲಿ ಯಾರೂ ಕೀಲಿಯನ್ನೂ ಮೊದಲ ಬಸ್ಸನ್ನೂ ಕೂಡಿಸಿ ನೋಡಿರಲಿಲ್ಲ.

ಇಷ್ಟು ಚಂದಕ್ಕೆ ಹೊಂದಿಕೊಂಡದ್ದೇ ನನ್ನ ಅನುಮಾನಕ್ಕೂ ಕಾರಣ. ವಿಯೆನ್ನಾದಲ್ಲೇ ಹುಟ್ಟಿ ಬೆಳೆದ ತತ್ವಜ್ಞಾನಿ ಕಾರ್ಲ್ ಪಾಪರ್ ಎತ್ತಿದ ಆಕ್ಷೇಪ ಇದೇ. ಒಬ್ಬ ಮಗುವನ್ನು ಮುಳುಗಿಸಲು ನೀರಿಗೆ ನೂಕುತ್ತಾನೆ, ಇನ್ನೊಬ್ಬ ಮುಳುಗುವ ಮಗುವನ್ನು ಉಳಿಸಲು ತನ್ನ ಪ್ರಾಣ ಕೊಡುತ್ತಾನೆ. ಫ್ರಾಯ್ಡ್‌ನ ಸಿದ್ಧಾಂತ ಇಬ್ಬರನ್ನೂ ಅಷ್ಟೇ ಸಲೀಸಾಗಿ ವಿವರಿಸುತ್ತದೆ, ಎಂದಮೇಲೆ ಅದು ತಪ್ಪೆಂದು ತೋರಿಸುವುದು ಹೇಗೆ? ನಮ್ಮ ಮುನೀಮ ಒಂದೇ ಅಂಗಡಿಗೆ ಅಂಟಿಕೊಂಡು, ಹೆಂಡತಿಯ ಸೆರಗು ಬಿಡದವನಾಗಿದ್ದರೂ ನಾನು ಅದೇ ಮೊದಲ ಬಸ್ಸನ್ನು ತೋರಿಸುತ್ತಿದ್ದೆ, ಅಲ್ಲವೇ? ಜೊತೆಗೆ ಅವನ ಅಕ್ಕ ಇದ್ದಾಳೆ. ಅದೇ ಆಯಿ, ಅದೇ ನಸುಕು. ಅವಳು ಯಾವ ತಂಬಿಗೆಯನ್ನೂ ಎಸೆದವಳಲ್ಲ. ಸೇಡಂನಲ್ಲಿ ಸಂಸಾರ ನಡೆಸುತ್ತಾ, ಹೊಲಿಗೆ ಯಂತ್ರ ತುಳಿಯುತ್ತಾ ಇದ್ದಾಳೆ. ಅವಳನ್ನು ಕೇಳಿದೆ. "ನನಗೇನೂ ಆಗಿಲ್ಲ ಎಂದು ನಿನಗೆ ಯಾರು ಹೇಳಿದರು?" ಎಂದಳು. ಮುಂದಕ್ಕೆ ಮಾತು ಬೆಳೆಸಲಿಲ್ಲ. ಆದ್ದರಿಂದ ಉರುಳೆಯ ಕಥೆಯನ್ನು ನಾನು ಸಾಬೀತಾದ ಸಂಗತಿ ಎನ್ನುವುದಿಲ್ಲ. ಏನು ಕೇಳಬೇಕು, ಎಲ್ಲಿಂದ ಕೇಳಬೇಕು ಎಂದು ಅದು ಹೇಳಿಕೊಟ್ಟಿತು. ಗಾಳಿಯೂ ಈಡಿಪಸ್ಸೂ ಅಷ್ಟನ್ನೂ ಮಾಡಿರಲಿಲ್ಲ.

ಅಣ್ಣನ ಮಗನಿಗೆ ಇದೆಲ್ಲ ತಿಳಿದೊಡನೆ ಹೊಸ ಹುರುಪು ಬಂತು. ಮುನೀಮನ ಎದುರು ಕುಳಿತು ಎಲ್ಲ ಬಿಡಿಸಿ ಹೇಳಿದರೆ ಗುಣವಾಗುತ್ತದೆ ಎಂಬುದು ಅವನ ವಾದ. ಇದಕ್ಕೂ ಫ್ರಾಯ್ಡನೇ ಉತ್ತರ ಕೊಟ್ಟಿದ್ದಾನೆ. 1910ರಲ್ಲಿ, ಗಂಡನಿಂದ ವಿಚ್ಛೇದನವಾಗಿದ್ದ ಮಧ್ಯವಯಸ್ಸಿನ ಹೆಂಗಸೊಬ್ಬಳಿಗೆ ಯುವ ವೈದ್ಯನೊಬ್ಬ ಫ್ರಾಯ್ಡ್‌ನ ಹೆಸರು ಹೇಳಿ ನಿನ್ನ ಆತಂಕಕ್ಕೆ ಕಾಮದ ಅತೃಪ್ತಿಯೇ ಕಾರಣ ಎಂದು ಮುಖಕ್ಕೇ ಹೇಳಿದ್ದ. ಆಕೆ ಇನ್ನಷ್ಟು ಹದಗೆಟ್ಟಳು. ಕಾರಣ ಹೇಳಿಬಿಟ್ಟರೆ ರೋಗ ಹೋಗುತ್ತದೆ ಎನ್ನುವುದು ಬರಗಾಲದಲ್ಲಿ ಹಸಿದವರಿಗೆ ಊಟದ ಪಟ್ಟಿ ಹಂಚಿದಂತೆ ಎಂದು ಫ್ರಾಯ್ಡ್ ಆಗ ಬರೆದ. ನಾನು ಈ ಬರಹವನ್ನು ನಮ್ಮ ಮುನೀಮನಿಗೆ, ಅವನ ಹೆಂಡತಿಗೆ ಮೊದಲೇ ಓದಿ ತೋರಿಸಿ ಒಪ್ಪಿಗೆ ಪಡೆದಿದ್ದೇನೆ. ಮುಂಬೈ, ಮೊದಲ ಬಸ್, ಉರುಳೆ ಎಲ್ಲ ಕೇಳಿಸಿಕೊಂಡು "ಇರಬಹುದು" ಎಂದು ಚಹಾ ಕುಡಿದ. ತಂಬಿಗೆಯ ವಿಷಯವೊಂದನ್ನು ತೆಗೆ ಎಂದ. "ಯಾಕೆ ತೆಗೆಯಬೇಕು? ಇರಲಿ" ಎಂದಳು ಅವನ ಹೆಂಡತಿ. ಇಟ್ಟಿದ್ದೇನೆ.

ಅವಳ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ. ಅವನ ಬಾಲ್ಯ ಅರ್ಥವಾಯಿತೆಂದು ಅವಳ ಹಣೆಯ ಗಾಯ ಅವಳು ಸಹಿಸಬೇಕಾದ ಬಾಬತ್ತಾಗುವುದಿಲ್ಲ. ಫ್ರಾಯ್ಡ್ ಇಲ್ಲಿ ನಂಬಿಗಸ್ತನಲ್ಲ. ಡೋರಾ ಎಂದು ಆತ ಹೆಸರಿಟ್ಟ ಹುಡುಗಿಯನ್ನು 1900ರಲ್ಲಿ ಅವಳ ತಂದೆಯೇ ಚಿಕಿತ್ಸೆಗೆ ಕರೆತಂದಿದ್ದ. ಅವಳಿಗೆ 14 ವರ್ಷವಿದ್ದಾಗ ತಂದೆಯ ಸ್ನೇಹಿತ ಬಲವಂತವಾಗಿ ಮುತ್ತಿಟ್ಟಿದ್ದ. ಆ ಸ್ನೇಹಿತನ ಹೆಂಡತಿಯೊಂದಿಗೆ ತಂದೆಗೆ ಸಂಬಂಧವಿತ್ತು. ಹುಡುಗಿ ಹೇಸಿಕೊಂಡಳು. ಆ ಹೇಸಿಗೆಯಲ್ಲೇ ಫ್ರಾಯ್ಡ್‌ಗೆ ಅದುಮಿಟ್ಟ ಆಸೆ ಕಂಡಿತು. ಆ ವರ್ಷದ ಕೊನೆಯ ದಿನ ಅವಳು ಎದ್ದು ನಡೆದಳು, ಒಳ್ಳೆಯದನ್ನೇ ಮಾಡಿದಳು. ಮನೆಯ ಹೆಂಗಸಿನ ದೂರನ್ನು ಅವಳದೇ ಮನಸ್ಸಿನ ವಿಕಾರವೆಂದು ತಿರುಗಿಸುವ ಚಾತುರ್ಯವನ್ನು ನಮ್ಮ ಕಡೆಯ ಪಂಚರು ಯಾವ ಪುಸ್ತಕ ಓದದೆಯೂ ಬಲ್ಲರು. ಅವರಿಗೆ ಇನ್ನೊಂದು ಸಲಕರಣೆ ಕೊಡುವುದು ಬೇಡ.

ಫ್ರಾಯ್ಡ್ ತನ್ನ ರೋಗಿಗಳನ್ನು ಭಾನುವಾರ ಮತ್ತು ಹಬ್ಬದ ದಿನ ಬಿಟ್ಟು ಪ್ರತಿದಿನ ಒಂದು ತಾಸು ನೋಡುತ್ತಿದ್ದ. ಸುಗ್ಗಿಯಲ್ಲಿ ಗಂಜಿನ ಮುನೀಮನಿಗೆ ದಿನಕ್ಕೊಂದು ತಾಸು ಯಾರು ಕೊಡುತ್ತಾರೆ? ಹೆಂಡತಿ ಹಟ ಹಿಡಿದ ಮೇಲೆ ಅವನು 14416ಕ್ಕೆ, ಅದೇ ಟೆಲಿ ಮಾನಸ್ ಸಹಾಯವಾಣಿಗೆ, ಕರೆ ಮಾಡಿದ. ಕನ್ನಡದಲ್ಲೇ ಮಾತನಾಡಿದರು. ಈಗ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರು ಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಾನೆ, ಆಪ್ತಸಮಾಲೋಚಕಿಯ ಬಳಿ ಹೋಗಿ ಕುಳಿತು ಬರುತ್ತಾನೆ. ಅಲ್ಲಿ ಏನು ಮಾತನಾಡುತ್ತೀ ಎಂದರೆ, ಸಾಹುಕಾರರನ್ನು ಬೈಯುತ್ತೇನೆ ಎನ್ನುತ್ತಾನೆ. ಮುಂಬೈಯ ಮಾತು ಇನ್ನೂ ಬಂದಿಲ್ಲವಂತೆ, ಆಕೆಯೂ ಕೇಳಿಲ್ಲವಂತೆ. ಅವಸರವೇನೂ ಇಲ್ಲ. ನನ್ನ ಅಣ್ಣನ ಮಗನಿಗೆ ಮಾತ್ರ ತಡೆದುಕೊಳ್ಳಲಾಗುತ್ತಿಲ್ಲ.