ಚೆಂಡಿಗೆ ಪ್ರವೇಶವಿಲ್ಲ

ನಮ್ಮ ಅಪಾರ್ಟ್‌ಮೆಂಟಿನ ಸಂಘವು ಕಳೆದ ವಾರ ಲಿಫ್ಟಿನೊಳಗೆ ಒಂದೇ ದಿನ ಎರಡು ಸೂಚನೆಗಳನ್ನು ಅಂಟಿಸಿತು. ಕಾರಿನ ಗಾಜಿಗೂ ಹಿರಿಯರ ಮಧ್ಯಾಹ್ನದ ನಿದ್ದೆಗೂ ಧಕ್ಕೆಯಾಗುತ್ತಿರುವುದರಿಂದ ಆವರಣದಲ್ಲಿ ಚೆಂಡಾಟವನ್ನು ನಿಷೇಧಿಸಲಾಗಿದೆ ಎಂಬುದು ಒಂದು. ಮಕ್ಕಳ ಮೊಬೈಲ್ ಗೀಳು ಬಿಡಿಸುವ ಬಗೆಯನ್ನು ಕುರಿತು ಭಾನುವಾರ ತಜ್ಞರೊಬ್ಬರು ಜೂಮ್‌ನಲ್ಲಿ ಉಪನ್ಯಾಸ ನೀಡಲಿದ್ದಾರೆ ಎಂಬುದು ಇನ್ನೊಂದು. ಎರಡಕ್ಕೂ ರುಜು ಹಾಕಿದವರು ಒಬ್ಬರೇ ಕಾರ್ಯದರ್ಶಿ. ಅವರ ಸಮಚಿತ್ತಕ್ಕೆ ನಾನು ಕೈಮುಗಿದೆ.

ಎರಡು ವರ್ಷ ತುಂಬದ ಕೂಸಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆಯೆಂದೂ, 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈದಣಿಯಬೇಕೆಂದು ಮರುವರ್ಷ ಸೇರಿಸಿದೆಯೆಂದೂ ತಜ್ಞರು ತಿಳಿಸಿದರು. ಉಪನ್ಯಾಸಕ್ಕೆ ಅಡ್ಡಿಯಾಗದಿರಲೆಂದು ಮಕ್ಕಳ ಕೈಗೆ ಮೊದಲೇ ಟ್ಯಾಬ್ ಕೊಟ್ಟು ಕೂರಿಸಲಾಗಿತ್ತು.

ಆ 60 ನಿಮಿಷವನ್ನು ಎಲ್ಲಿಂದ ತರುವುದು? ಪಿ.ಟಿ. ಪೀರಿಯಡ್ಡನ್ನು ಗಣಿತದ ಮೇಷ್ಟ್ರು ನುಂಗಿದಾಗ ಪೋಷಕರ ಸಭೆಯಲ್ಲಿ ಚಪ್ಪಾಳೆ ತಟ್ಟಿದವರು ನಾವು. ಬೆಂಗಳೂರಿನ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು 2024ರಲ್ಲಿ ತೀರ್ಮಾನವಾಯಿತಾದರೂ ನಮ್ಮ ಬಡಾವಣೆಯ ಉದ್ಯಾನದಲ್ಲಿ ಮಕ್ಕಳು ಕೂರಬಹುದೇ ಹೊರತು ಆಡುವಂತಿಲ್ಲ. ಇನ್ನೂರು ಹೆಜ್ಜೆ ದೂರದ ಶಾಲಾ ಬಸ್ಸಿಗೆ ಮಗನನ್ನು ಸ್ಕೂಟರಿನಲ್ಲಿ ಬಿಟ್ಟುಬರುವ ಅಪ್ಪ, ರಾತ್ರಿ ತನ್ನ ವಾಚಿಗೆ ಹತ್ತು ಸಾವಿರ ಹೆಜ್ಜೆಯ ಲೆಕ್ಕ ಒಪ್ಪಿಸಲು ಫೋನು ಹಿಡಿದು ಸೋಫಾಕ್ಕೆ ಪ್ರದಕ್ಷಿಣೆ ಹಾಕುತ್ತಾನೆ.

ನಮ್ಮ ಕಾಲದ ಆಟಗಳನ್ನು ಕಲಿಸೋಣವೆಂದು ಹೊರಟರೆ ಅದಕ್ಕೂ ತೊಡಕುಗಳಿವೆ. ಮರಕೋತಿಗೆ ಮರ ಬೇಕು. ನಮ್ಮಲ್ಲಿರುವುದು ಬಿಲ್ಡರ್ ನೆಟ್ಟ ಅಲಂಕಾರದ ತಾಳೆ, ಅದಕ್ಕೆ ಕೊಂಬೆಯೇ ಇಲ್ಲ, ನಿಜವಾದ ಕೋತಿಯೂ ಅದನ್ನು ಒಲ್ಲೆನ್ನುತ್ತದೆ. ಚೆಂಡಿಲ್ಲದ ಲಗೋರಿಯೆಂದರೆ ಏಳು ಕಲ್ಲುಗಳ ಗೋಪುರ; ಅದನ್ನು ಸಂಘ ಅನಧಿಕೃತ ನಿರ್ಮಾಣವೆಂದು ಕೆಡವಿಸದೆ ಬಿಡದು.

ಗೀಳು, ಗೀಳು ಎನ್ನುತ್ತೇವಲ್ಲ, ಎಂಟು ತಿಂಗಳ ಕೂಸು ಅಂಗಡಿಗೆ ಹೋಗಿ ಫೋನು ಕೊಂಡು ತಂದಿತೇ? ತುತ್ತು ನುಂಗಲಿ, ಹಠ ನಿಲ್ಲಲಿ, ನಮಗೂ ನಮ್ಮ ಫೋನು ನೋಡಲು ಅರ್ಧ ಗಂಟೆ ಸಿಗಲಿ ಎಂದು ಅದರ ಕೈಗೆ ಇಟ್ಟವರು ನಾವು. ಈಗ ಅದೇ ಮಗುವನ್ನು ರೋಗಿಯೆಂದು ತಜ್ಞರ ಮುಂದೆ ಕೂರಿಸುತ್ತಿದ್ದೇವೆ. ನಾಚಿಕೆಯಾಗಬೇಕು.

ಮೊನ್ನೆ ಲಿಫ್ಟಿನಲ್ಲಿ ಮೂರನೇ ಮಹಡಿಯ ಹುಡುಗನೊಬ್ಬ, "ಅಂಕಲ್, ಷಟಲ್ ಕಾಕ್ ಚೆಂಡಲ್ವಲ್ಲ, ಆಡಬಹುದಾ?" ಎಂದು ಕಾರ್ಯದರ್ಶಿಗಳನ್ನು ಕೇಳಿದ. ಅವರು ಫೋನಿನಿಂದ ತಲೆಯೆತ್ತದೆ, ಗ್ರೂಪಿನಲ್ಲಿ ಪೋಲ್ ಹಾಕುವುದಾಗಿ ಹೇಳಿದರು.