ಸಿಕಲ್ ಸೆಲ್ ಕಾರ್ಡಿನಲ್ಲಿ ಒಂದು ಸಾಲು ಕಡಿಮೆಯಿದೆ

ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆಯಾದ ಸಿಕಲ್ ಸೆಲ್‌ನ ನಿರ್ಮೂಲನಾ ಅಭಿಯಾನವನ್ನು ಆರಂಭಿಸಿತು. ನಲವತ್ತು ವರ್ಷದೊಳಗಿನ ಏಳು ಕೋಟಿ ಜನರ ರಕ್ತ ಪರೀಕ್ಷೆ ಅದರ ಗುರಿ. ಅದರ ವ್ಯಾಪ್ತಿಯಲ್ಲಿ ಕರ್ನಾಟಕವೂ ಇದೆ. ಸೋಲಿಗರ ಪೋಡುಗಳಲ್ಲಿ, ಜೇನುಕುರುಬರ ಹಾಡಿಗಳಲ್ಲಿ ಈ ಕಾಯಿಲೆಯ ಜೀನ್ ಇರುವುದು ಹೊಸ ಸುದ್ದಿಯೇನೂ ಅಲ್ಲ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಕಾಯಿಲೆ, ಒಬ್ಬರಿಂದ ಮಾತ್ರ ಬಂದವರು ವಾಹಕರು. ಪರೀಕ್ಷೆಯ ಫಲಿತಾಂಶದ ಕಾರ್ಡ್ ಕೈಗಿಟ್ಟು ವಾಹಕರಿಗೆ ಎರಡು ಮಾತು ಹೇಳುತ್ತಾರೆ: ನಿಮಗೆ ಕಾಯಿಲೆ ಇಲ್ಲ, ಮದುವೆಗೆ ಮುನ್ನ ಇಬ್ಬರ ಕಾರ್ಡನ್ನೂ ತಾಳೆ ನೋಡಿ.

ಎರಡೂ ಸರಿಯಾದ ಮಾತೇ. ನನ್ನ ತಕರಾರು ಹೇಳದೆ ಬಿಟ್ಟ ಮೂರನೆಯ ಮಾತಿನದು, ವಾಹಕರಿಗೆ ಅಪರೂಪಕ್ಕೆ ಬರುವ ಒಂದು ಉಗ್ರ ಮೂತ್ರಪಿಂಡದ ಕ್ಯಾನ್ಸರಿನದು. ‘ಮೂತ್ರದಲ್ಲಿ ರಕ್ತ ಕಂಡರೆ ಸುಮ್ಮನಿರಬೇಡಿ, ಸ್ಕ್ಯಾನ್ ಮಾಡಿಸಿ’ ಎಂದು ಯಾಕೆ ಬರೆಯುವುದಿಲ್ಲ?

ದಿನವೂ ಸೂಕ್ಷ್ಮದರ್ಶಕದ ಮುಂದೆ ಕೂರುವ ಕೆಲಸ ನನ್ನದು, ಹಾಗಾಗಿ ಕಾರಣವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಮೂತ್ರಪಿಂಡದ ಒಳತಿರುಳು ದೇಹದ ಅತ್ಯಂತ ಕಠಿಣ ಜಾಗಗಳಲ್ಲಿ ಒಂದು. ಅಲ್ಲಿ ಆಮ್ಲಜನಕ ಕಡಿಮೆ, ಉಪ್ಪು ಹೆಚ್ಚು, ರಕ್ತದ ಹರಿವು ನಿಧಾನ. ದೇಹದ ಉಳಿದೆಲ್ಲ ಕಡೆ ದುಂಡಗೆ ಸುತ್ತಾಡಿಕೊಂಡಿರುವ ವಾಹಕರ ಕೆಂಪು ರಕ್ತಕಣಗಳು ಇಲ್ಲಿಗೆ ಬಂದಾಗ ಕುಡುಗೋಲಿನಂತೆ ಬಾಗುತ್ತವೆ. ಕಿರುನಾಳಗಳು ಕಟ್ಟಿಕೊಳ್ಳುತ್ತವೆ, ಸುತ್ತಲಿನ ಜೀವಕೋಶಗಳು ಉಸಿರುಗಟ್ಟುತ್ತವೆ, ಅವುಗಳ ಡಿಎನ್‌ಎ ಎಳೆಗಳು ತುಂಡಾಗುತ್ತವೆ. ತುಂಡುಗಳು ಮತ್ತೆ ಜೋಡಿಕೊಳ್ಳುವಾಗ ಎಲ್ಲೋ ಇರಬೇಕಾದದ್ದು ಇನ್ನೆಲ್ಲೋ ಅಂಟಿಕೊಳ್ಳುತ್ತದೆ. ಅಪರೂಪಕ್ಕೆ, ತೀರಾ ಅಪರೂಪಕ್ಕೆ, 22ನೆಯ ಕ್ರೋಮೋಸೋಮಿನಲ್ಲಿರುವ ಸ್ಮಾರ್ಕ್‌ಬಿ1 ಎಂಬ ಜೀನ್ ಈ ಗಲಿಬಿಲಿಯಲ್ಲಿ ಹಾಳಾಗುತ್ತದೆ. ಯಾವ ಜೀನ್ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ನಿಯಂತ್ರಿಸುವ ಒಂದು ದೊಡ್ಡ ಪ್ರೋಟೀನ್ ಕೂಟದ ಸದಸ್ಯ ಅದು. ಅದು ಇಲ್ಲವಾದಾಗ ಹುಟ್ಟುವುದೇ ರೀನಲ್ ಮೆಡ್ಯುಲರಿ ಕಾರ್ಸಿನೋಮ, ಅಂದರೆ ಮೂತ್ರಪಿಂಡದ ಒಳತಿರುಳಿನ ಕ್ಯಾನ್ಸರ್.

1995ರಲ್ಲಿ ಅಮೆರಿಕದ ಸೇನಾ ರೋಗಶಾಸ್ತ್ರ ಸಂಸ್ಥೆಯ ಡೇವಿಸ್, ಮೊಸ್ಟೊಫಿ ಮತ್ತು ಸೆಸ್ಟರ್‌ಹೆನ್ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದರು. ಸಿಕಲ್ ಸೆಲ್‌ನಿಂದ ಮೂತ್ರಪಿಂಡಕ್ಕೆ ಬರುವ ಆರು ತೊಂದರೆಗಳು ಆಗಲೇ ಗೊತ್ತಿದ್ದವು. ಇದನ್ನು ಏಳನೆಯದೆಂದು ಕರೆದರು. ಬಲಿಯಾಗುವವರು ಹೆಚ್ಚಾಗಿ ಹದಿಹರೆಯದವರು, ಇಪ್ಪತ್ತು ಮೂವತ್ತರ ವಯಸ್ಸಿನವರು. ಹೆಂಗಸರಿಗಿಂತ ಗಂಡಸರು ಸುಮಾರು ಎರಡರಷ್ಟು. ಆಸ್ಪತ್ರೆಗೆ ಬರುವ ಹೊತ್ತಿಗೆ ಬಹುಪಾಲು ಜನರಲ್ಲಿ ಅದು ಬೇರೆಡೆಗೆ ಹರಡಿಯಾಗಿರುತ್ತದೆ, ಆಮೇಲಿನ ಆಯಸ್ಸು ಸರಾಸರಿ ಒಂದು ವರ್ಷದ ಆಸುಪಾಸು.

ಸ್ಲೈಡಿನಲ್ಲಿ ಇದು ಕಾಣುವ ರೀತಿಯೇ ಬೇರೆ. ಮೂತ್ರಪಿಂಡದ ಕ್ಯಾನ್ಸರ್‌ಗಳಲ್ಲಿ ಮುಕ್ಕಾಲು ಪಾಲು ಕ್ಲಿಯರ್ ಸೆಲ್ ಬಗೆಯವು. ಅವು ತಿಳಿಯಾದ ಕೋಶಗಳು, ನಡುವೆ ತೆಳುವಾದ ರಕ್ತನಾಳಗಳ ಬಲೆ; ಎರಡನೆಯ ವರ್ಷದ ವಿದ್ಯಾರ್ಥಿಯೂ ಗುರುತಿಸುತ್ತಾನೆ. ಮೆಡ್ಯುಲರಿ ಕಾರ್ಸಿನೋಮದಲ್ಲಿ ಕೋಶಗಳು ಜರಡಿಯಂತೆ ತೂತು ತೂತಾಗಿ ಹೆಣೆದುಕೊಂಡಿರುತ್ತವೆ. ಸುತ್ತ ಗಟ್ಟಿಯಾದ ನಾರಿನ ಅಂಗಾಂಶ, ಅದರೊಳಗೆ ನುಗ್ಗಿದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು, ಮೂಲೆಯಲ್ಲೆಲ್ಲೋ ಬಾಗಿದ ಕೆಂಪು ರಕ್ತಕಣಗಳು. ಅನುಮಾನ ಬಂದರೆ ಸ್ಮಾರ್ಕ್‌ಬಿ1 ಪ್ರೋಟೀನನ್ನು ತೋರಿಸುವ ಐಎನ್‌ಐ1 ಎಂಬ ಒಂದು ಬಣ್ಣ ಹಾಕಬೇಕು. ಆಸುಪಾಸಿನ ಆರೋಗ್ಯವಂತ ಕೋಶಗಳ ಕೇಂದ್ರಗಳು ಕಂದು ಬಣ್ಣಕ್ಕೆ ತಿರುಗುತ್ತವೆ, ಕ್ಯಾನ್ಸರ್ ಕೋಶಗಳವು ನೀಲಿಯಾಗಿಯೇ ಉಳಿಯುತ್ತವೆ. ಮಾಯವಾದ ಪ್ರೋಟೀನಿನ ಜಾಗ ಅಷ್ಟು ನಿಚ್ಚಳವಾಗಿ ಕಾಣುತ್ತದೆ. ಜೊತೆಗೆ ರೋಗಿ ವಾಹಕನೇ ಎಂದು ತಿಳಿಯಲು ಹಿಮೋಗ್ಲೋಬಿನ್ ಬಗೆಯ ಪರೀಕ್ಷೆ ಆಗಲೇಬೇಕು.

ಈಗ ಎಲ್ಲರಿಗೂ ಜೀನ್ ಪ್ಯಾನೆಲ್‌ಗಳ ಮೋಹ. ಸಾವಿರಾರು ರೂಪಾಯಿ ಕೊಟ್ಟು ನೂರಾರು ಜೀನ್‌ಗಳನ್ನು ಓದಿಸಿ ‘ಏನೂ ಸಿಗಲಿಲ್ಲ’ ಎಂಬ ವರದಿ ತರುತ್ತಾರೆ. ಈ ಕ್ಯಾನ್ಸರಿನಲ್ಲಿ ಅಂತಹ ವರದಿಗೆ ಮರುಳಾಗಬಾರದು. ಸ್ಮಾರ್ಕ್‌ಬಿ1 ಅಕ್ಷರದೋಷದಿಂದ ಕೆಡುವುದಕ್ಕಿಂತ ಕ್ರೋಮೋಸೋಮ್ ಮುರಿದು ಸ್ಥಳ ಬದಲಾಯಿಸುವುದರಿಂದ, ಇಲ್ಲವೇ ಅಳಿಸಿಹೋಗುವುದರಿಂದ ಕೆಡುವುದೇ ಹೆಚ್ಚು. ಸ್ಥಳ ಬದಲಾವಣೆ ಸಾಮಾನ್ಯ ಪ್ಯಾನೆಲ್‌ಗಳ ಕಣ್ಣು ತಪ್ಪಿಸಬಹುದು. ಉಳಿದ ಜೀನ್‌ಗಳಲ್ಲಿ ಹೇಳಿಕೊಳ್ಳುವಂಥ ದೋಷಗಳು ವಿರಳ. ಇಷ್ಟು ಉಗ್ರವಾದ ಕ್ಯಾನ್ಸರಿನ ಜೀನ್ ಪಟ್ಟಿ ಇಷ್ಟು ಸಪ್ಪೆಯಾಗಿರುವುದು ನನಗೆ ಇಂದಿಗೂ ಅಚ್ಚರಿ. ಮೊದಲು ಬಣ್ಣ, ಆಮೇಲೆ ಪ್ಯಾನೆಲ್ ಎನ್ನುವವನು ನಾನು. 2022ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಈ ಪ್ರೋಟೀನ್ ಇಲ್ಲದಿರುವುದು ಕಾಯಿಲೆಯ ಹೆಸರಿನಲ್ಲೇ ಸೇರಿಕೊಂಡಿದೆ.

ಹೆಸರು ಸರಿಯಾಗಿ ಬೀಳುವುದರಿಂದ ರೋಗಿಗೇನು ಲಾಭ? ಕ್ಲಿಯರ್ ಸೆಲ್ ಎಂದು ತಿಳಿದು ರಕ್ತನಾಳ ಬೆಳೆಯದಂತೆ ತಡೆಯುವ ಮಾತ್ರೆಯನ್ನಷ್ಟೇ ಕೊಟ್ಟರೆ ಇದು ಬಹುತೇಕ ಜಗ್ಗುವುದಿಲ್ಲ. ಕಾರ್ಬೋಪ್ಲಾಟಿನ್‌ನಂತಹ ಪ್ಲಾಟಿನಂ ಆಧಾರಿತ ಕೀಮೋಥೆರಪಿಗೆ ಸ್ವಲ್ಪ ಕಾಲವಾದರೂ ಮಣಿಯುತ್ತದೆ. ಸರಾಸರಿ ಆಯಸ್ಸೇ ತಿಂಗಳುಗಳ ಲೆಕ್ಕದ್ದಾಗಿರುವಾಗ ತಪ್ಪು ಔಷಧದಲ್ಲಿ ಕಳೆದ ಮೂರು ತಿಂಗಳು ಸಣ್ಣದಲ್ಲ.

    

‘ಬಡವರನ್ನು ಸುಮ್ಮನೆ ಹೆದರಿಸುತ್ತೀರಿ’ ಎಂದು ನನ್ನ ವೈದ್ಯ ಗೆಳೆಯರೇ ಹೇಳಿಯಾರು. ಆಕ್ಷೇಪದಲ್ಲಿ ಹುರುಳಿದೆ. ಜಗತ್ತಿನಲ್ಲಿ ಕೋಟ್ಯಂತರ ವಾಹಕರಿದ್ದಾರೆ, ಈ ಕ್ಯಾನ್ಸರ್ ಬರುವುದು ಬೆರಳೆಣಿಕೆಯಷ್ಟು ಜನರಿಗೆ. ವರದಿಯಾದ ಬಹುಪಾಲು ರೋಗಿಗಳು ಆಫ್ರಿಕನ್ ಮೂಲದವರು. ವಾಹಕರ ಮೂತ್ರದಲ್ಲಿ ರಕ್ತ ಕಂಡರೂ ಸಾಮಾನ್ಯವಾಗಿ ಅದು ಒಳತಿರುಳಿನ ಸಣ್ಣ ಗಾಯದ್ದು. ಆ ನಿರುಪದ್ರವಿ ರಕ್ತ ಹೆಚ್ಚಾಗಿ ಎಡ ಮೂತ್ರಪಿಂಡದಿಂದ ಬರುತ್ತದೆ, ಕ್ಯಾನ್ಸರ್ ಹೆಚ್ಚಾಗಿ ಬಲದಲ್ಲಿ ಹುಟ್ಟುತ್ತದೆ. ಹಾಗೆಂದು ಎಡ ಬಲ ನೋಡಿ ಧೈರ್ಯ ತಂದುಕೊಳ್ಳುವಂತಿಲ್ಲ, ಸ್ಕ್ಯಾನ್ ಮಾಡಿಯೇ ತಿಳಿಯಬೇಕು. ಪ್ರತಿಯೊಬ್ಬ ವಾಹಕನಿಗೂ ವರ್ಷವರ್ಷ ಸ್ಕ್ಯಾನ್ ಮಾಡಿ ಎಂದು ನಾನು ಕೇಳುತ್ತಿಲ್ಲ. ಕೆಂಪು ಮೂತ್ರ ಅಥವಾ ಬಿಡದ ಪಕ್ಕೆನೋವು ಇದ್ದವನಿಗೆ ‘ಉಷ್ಣ ಆಗಿದೆ, ಎಳನೀರು ಕುಡಿ’ ಎಂದು ಹೇಳಿ ಕಳಿಸಬೇಡಿ, ಅಷ್ಟೇ. ಕಾಡಂಚಿನ ಪೋಡಿನಿಂದ ಅಲ್ಟ್ರಾಸೌಂಡ್ ಇರುವ ಊರಿಗೆ ಬರಲು ಒಂದು ದಿನದ ಕೂಲಿ ಹೋಗುತ್ತದೆ. ಕಾರ್ಡಿನಲ್ಲಿ ಬರೆದಿದ್ದರೆ ಆರೋಗ್ಯ ಕೇಂದ್ರದವರು ಕಳಿಸಿಕೊಡಲು ಒಂದು ಆಧಾರವಾದರೂ ಸಿಗುತ್ತದೆ.

ನಮ್ಮ ವೃತ್ತಿಯವರಿಗೂ ಒಂದು ಕೋರಿಕೆ. ಭಾರತದಿಂದ ಇಂತಹ ವರದಿಗಳು ವಿರಳ. ನಿಜಕ್ಕೂ ಇಲ್ಲವೋ, ನಾವು ನೋಡಿಲ್ಲವೋ ಎಂಬುದನ್ನು ಹರಟೆಯಲ್ಲಿ ತೀರ್ಮಾನಿಸಲಾಗದು. ನಲವತ್ತರೊಳಗಿನವರ ಮೂತ್ರಪಿಂಡದ ಗಡ್ಡೆಗೆ ‘ಕಲೆಕ್ಟಿಂಗ್ ಡಕ್ಟ್’ (ಮೂತ್ರಪಿಂಡದ ಇನ್ನೊಂದು ಬಗೆಯ ಕ್ಯಾನ್ಸರ್) ಎಂದೋ ‘ವರ್ಗೀಕರಿಸಲಾಗದ್ದು’ ಎಂದೋ ಷರಾ ಬರೆದು ಕಪಾಟಿಗೆ ಸೇರಿಸಿದ, ಗಡ್ಡೆಯ ತುಣುಕುಗಳಿರುವ ಮೇಣದ ಬ್ಲಾಕ್‌ಗಳು ಎಲ್ಲ ದೊಡ್ಡ ಆಸ್ಪತ್ರೆಗಳಲ್ಲೂ ಇರುತ್ತವೆ. ಅವನ್ನು ಹೊರಗೆ ತೆಗೆದು ಐಎನ್‌ಐ1 ಹಾಕಿ ನೋಡಿ. ಸಿಕ್ಕರೆ, ಸಿಗದಿದ್ದರೂ, ಪ್ರಕಟಿಸಿ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಸಿಗುತ್ತಿಲ್ಲವೆಂದು ಪ್ರತಿ ವರ್ಷ ಗೋಳಾಡುತ್ತಾರಲ್ಲ, ಇದನ್ನು ಕೊಡಿ.