ಅಶ್ವತ್ಥಕಟ್ಟೆ ಅಭಿವೃದ್ಧಿ ಯೋಜನೆ

ನಮ್ಮ ಬಡಾವಣೆಯ ಅಶ್ವತ್ಥಕಟ್ಟೆಗೆ ಕೊನೆಗೂ ಶುಕ್ರದೆಸೆ ಬಂದಿದೆ. ಸುಮ್ನೆ ಕಲ್ಲು ಜೋಡಿಸಿದ್ದ ಹಳೇ ಕಟ್ಟೆ ಹೋಯಿತು. ಈಗ ಬುಡದವರೆಗೂ ಸಿಮೆಂಟ್, ಮೇಲೆ ಗ್ರಾನೈಟ್, ಸುತ್ತ ಸ್ಟೀಲ್ ಕಂಬಿ. ದಾನಿಗಳ ಹೆಸರು ಕೆತ್ತಿದ ಫಲಕ ಬೇರೆ. ಮಳೆನೀರು ಇಳಿಯಲು ಒಂದು ಗೇಣು ಮಣ್ಣು ಬಿಡಬಹುದಿತ್ತಲ್ವಾ ಎಂದು ಕೇಳಿದೆ. ‘ಸೋಮವಾರದ ಅಮಾವಾಸ್ಯೆಗೆ 108 ಪ್ರದಕ್ಷಿಣೆ ಹಾಕ್ತಾರೆ ಸಾರ್. ಹೆಂಗಸರ ಕಾಲು ಮಣ್ಣಾಗುತ್ತೆ’ ಎಂದರು ಸಮಿತಿ ಅಧ್ಯಕ್ಷರು.

ಮರ ಈಗ ಅಕಾಲದಲ್ಲಿ ಎಲೆ ಉದುರಿಸುತ್ತಿದೆ. ಸಮಿತಿ ಕೂಡಲೇ ಜ್ಯೋತಿಷಿಗಳ ಬಳಿ ಓಡಿತು. ಮದುವೆಯಾಗದ ದೋಷವಂತೆ. ಅರಳಿಗೆ ಉಪನಯನ ಮಾಡಿ, ಪಕ್ಕದಲ್ಲಿ ಬೇವು ನೆಟ್ಟು ಮದುವೆ ಮಾಡಿಸಬೇಕಂತೆ. ಬೇವು ನೆಡಲು ಮಣ್ಣೆಲ್ಲಿದೆ? ವಧುವನ್ನು ಪ್ಲಾಸ್ಟಿಕ್ ಕುಂಡದಲ್ಲೇ ಕರೆತರುವುದೆಂದು ತೀರ್ಮಾನವಾಗಿದೆ.

ಮೂಲತೋ ಬ್ರಹ್ಮರೂಪಾಯ, ಮಧ್ಯತೋ ವಿಷ್ಣುರೂಪಿಣೇ, ಅಗ್ರತಃ ಶಿವರೂಪಾಯ ಎಂದು ಕೈ ಮುಗಿಯುತ್ತೇವೆ. ಬುಡದಲ್ಲಿದ್ದ ಬ್ರಹ್ಮನನ್ನು ಸಿಮೆಂಟಿನಲ್ಲಿ ಹೂತಾಯಿತು. ನಡುವಿನ ವಿಷ್ಣುವಿಗೆ ಮೊಳೆ ಹೊಡೆದು ಪಿಜಿ, ಟ್ಯೂಷನ್ ಬೋರ್ಡು ನೇತುಹಾಕಿದೆವು. ತುದಿಯ ಶಿವ ತಂತಿಗೆ ತಾಗುತ್ತಾನೆಂದು ಕರೆಂಟಿನವರು ಮಳೆಗಾಲಕ್ಕೆ ಮುಂಚೆ ಬಂದು ಬೋಳಿಸಿ ಹೋಗುತ್ತಾರೆ. ಮೂವರಿಗೂ ಸಮಾನ ಸೇವೆ.

ಸರ್ಕಾರದ ಭಕ್ತಿಯೂ ಕಡಿಮೆಯದಲ್ಲ. ಸಾಲುಮರದ ತಿಮ್ಮಕ್ಕ ಗಂಡ ಚಿಕ್ಕಯ್ಯನವರ ಜೊತೆ ಕೊಡದಲ್ಲಿ ನೀರು ಹೊತ್ತು, ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯಲ್ಲಿ 385 ಆಲದ ಮರ ಬೆಳೆಸಿದರು. 2019ರಲ್ಲಿ ದೆಹಲಿಗೆ ಕರೆಸಿ ಪದ್ಮಶ್ರೀ ಕೊಟ್ಟರು. ಅಜ್ಜಿ ರಾಷ್ಟ್ರಪತಿಗಳ ತಲೆ ಮುಟ್ಟಿ ಆಶೀರ್ವಾದವನ್ನೂ ಮಾಡಿದರು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ನೆಪದಲ್ಲಿ ಅವರ ಮರಗಳಿಗೇ ಕುತ್ತು ಬಂತು. ನೂರು ದಾಟಿದ ಜೀವ ಮುಖ್ಯಮಂತ್ರಿಗಳ ಬಳಿ ಹೋಗಿ, ನನ್ನ ಮರ ಕಡಿಯಬೇಡಿ ಎಂದು ಕೇಳಬೇಕಾಯಿತು. ಕಡಿಯುವುದಿಲ್ಲ ಎಂಬ ಭರವಸೆ ಸಿಕ್ಕಿತು. (ಮೊದಲೇ ಒಂದೊಂದು ಮರಕ್ಕೂ ಒಂದೊಂದು ಪದ್ಮಶ್ರೀ ಕೊಟ್ಟುಬಿಟ್ಟಿದ್ದರೆ ಅಜ್ಜಿಗೆ ಈ ಓಡಾಟ ತಪ್ಪುತ್ತಿತ್ತು.)

ನಮ್ಮಂಥ ಸಾಮಾನ್ಯರಿಗೆ ಪಾಪದ ಭಯ ಜಾಸ್ತಿ. ಅದಕ್ಕೇ ಪಾಪವನ್ನು ಬೇರೆಯವರ ಖಾತೆಗೆ ಹಾಕುತ್ತೇವೆ. ಗಾಜು ಒಡೆದ ಲಕ್ಷ್ಮಿಯ ಫೋಟೋ, ಹೋದ ವರ್ಷದ ಕ್ಯಾಲೆಂಡರಿನ ವೆಂಕಟರಮಣ, ಬಣ್ಣ ಹೋದ ಗಣಪತಿ, ಎಲ್ಲ ಕಟ್ಟೆಯ ಮೇಲೆ, ನಾಗರಕಲ್ಲಿನ ಪಕ್ಕ. ದೇವರನ್ನು ಕಸಕ್ಕೆ ಹಾಕಬಾರದು, ಅಲ್ವಾ? ಮರುದಿನ ಪೌರಕಾರ್ಮಿಕರು ಬಂದು ಕಸದ ಗಾಡಿಗೆ ಹಾಕುತ್ತಾರೆ.

ಇನ್ನು ಮನೆಯ ಗೋಡೆಯಲ್ಲೇ ಅರಳಿ ಸಸಿ ಹುಟ್ಟಿದರೆ? ಯಾವುದೋ ಹಕ್ಕಿ ಹಣ್ಣು ತಿಂದು ಪ್ಯಾರಾಪೆಟ್ ಮೇಲೆ ಕೂತು ಎದ್ದು ಹೋಗಿರುತ್ತದೆ. ಒಂದೆರಡು ಮಳೆಗೆ ಬಿರುಕಿನಲ್ಲಿ ನಾಲ್ಕು ಎಲೆ. ಕಿತ್ತರೆ ವಂಶಕ್ಕೆ ಆಗಿಬರುವುದಿಲ್ಲ, ಬಿಟ್ಟರೆ ಗೋಡೆಗೆ. ಆಗ ಕೂಲಿಯವನನ್ನು ಕರೆದು ‘ನೀನೇ ಕಿತ್ತುಬಿಡಪ್ಪಾ’ ಅನ್ನುತ್ತೇವೆ. ಅವನಿಗೂ ಹೆಂಡತಿ ಮಕ್ಕಳಿರುವುದು ಯಾವ ಶಾಸ್ತ್ರದ ಲೆಕ್ಕಕ್ಕೂ ಬಂದಿಲ್ಲ. ಈಚೆಗೆ ಅವರೂ ಚುರುಕಾಗಿದ್ದಾರೆ. ‘ಬೇರೆ ಗಿಡಕ್ಕಾದ್ರೆ ಇನ್ನೂರು, ಅರಳಿಗೆ ಐನೂರು ಸ್ವಾಮಿ’ ಅನ್ನುತ್ತಾರೆ. ಯಜಮಾನರು ಚೌಕಾಸಿ ಮಾಡಿ ಮುನ್ನೂರಕ್ಕೆ ಇಳಿಸುತ್ತಾರೆ.